ಪ್ರೋಟಾನ್ ಮೇಲ್: ನಾಲ್ಕು ಜನರ ಆಧಾರ್, ಪ್ಯಾನ್ ಕಾಯಬೇಕಾದವರಿಗೆ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಾನು ಇನ್‌ಕಮ್ ಟ್ಯಾಕ್ಸ್, ಜಿಎಸ್‌ಟಿ ರಿಟರ್ನ್ಸ್ ಮಾಡಿಕೊಡುತ್ತೇನೆ. ಅಡಿಕೆ ವ್ಯಾಪಾರಿಗಳು, ಬಟ್ಟೆ ಅಂಗಡಿಯವರು, ಹೈಸ್ಕೂಲ್ ಮೇಷ್ಟ್ರುಗಳು, ರಿಟೈರಾದವರು ನನ್ನ ಕ್ಲೈಂಟ್‌ಗಳು. ಜುಲೈ ಬಂತೆಂದರೆ ಅವರ ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ, ಸಂಬಳ ಕೊಡುವವರು ಕೊಡುವ ತೆರಿಗೆ ಪ್ರಮಾಣಪತ್ರ ಫಾರ್ಮ್ 16 ಎಲ್ಲ ನನ್ನ ಮೇಲ್‌ಗೆ ಬಂದು ಬೀಳುತ್ತವೆ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಸಾಲ ಎತ್ತಲು ನೋಡಿದರೆ, ಅದಕ್ಕೆ ಬೇಕಾದ ಕಾಗದಗಳಲ್ಲಿ ಮುಕ್ಕಾಲು ಪಾಲು ಅಲ್ಲೇ ಇರುತ್ತವೆ. ಆ ಕಾರಣಕ್ಕೇ ನಾನು ಪ್ರೋಟಾನ್ ಮೇಲ್ ಎಂಬ ಇಮೇಲ್ ಸೇವೆಗೆ ಹೋದದ್ದು, ಆ ಕಾರಣದಿಂದಲೇ ಈ ವಿಮರ್ಶೆ.

‘ಪಿಡಿಎಫ್‌ಗೆ ಪಾಸ್‌ವರ್ಡ್ ಐತಲ್ರೀ ಮೇಡಂ, ಮತ್ತೇನ್ ಹೆದರಿಕೆ?’ ಎಂದು ಕೇಳುವವರು ಬಹಳ. ಆ ಪಾಸ್‌ವರ್ಡ್ ಯಾವುದು ನೋಡಿ. ಇ-ಆಧಾರ್‌ಗೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ಇಸವಿ. ನಮ್ಮ ಹೆಸರಿನಲ್ಲಿ ಕಟ್ಟಿದ ತೆರಿಗೆಯ ಪಟ್ಟಿಯಾದ ಫಾರ್ಮ್ 26ಎಎಸ್‌ಗೆ ಹುಟ್ಟಿದ ದಿನಾಂಕ. ವರ್ಷದ ಹಣಕಾಸು ವ್ಯವಹಾರಗಳ ಪಟ್ಟಿಯಾದ ಎಐಎಸ್‌ಗೆ ಸಣ್ಣಕ್ಷರದಲ್ಲಿ ಪ್ಯಾನ್ ನಂಬರು, ಅದರ ಹಿಂದೆ ಹುಟ್ಟಿದ ದಿನಾಂಕ. ಈಗ ಅದೇ ಮೇಲ್‌ನಲ್ಲಿ ಪ್ಯಾನ್ ಕಾರ್ಡಿನ ಫೋಟೋ ಇದೆ. ಹೆಸರು, ಹುಟ್ಟಿದ ದಿನಾಂಕ, ಪ್ಯಾನ್ ನಂಬರು ಮೂರೂ ಆ ಒಂದು ಕಾರ್ಡಿನ ಮೇಲೇ ಅಚ್ಚಾಗಿವೆ. ಬೀಗದ ಜೊತೆಗೇ ಬೀಗದಕೈ ಕಟ್ಟಿ ಕಳಿಸಿದ ಹಾಗೆ. ಹಾಗಾಗಿ ಪಿಡಿಎಫ್ ಪಾಸ್‌ವರ್ಡನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಾಗದ ಬರುವ ದಾರಿ ಮತ್ತು ಬಂದಮೇಲೆ ಕೂರುವ ಜಾಗ, ಇವೆರಡನ್ನು ನೋಡುತ್ತೇನೆ.

ಪ್ರೋಟಾನ್ ಸ್ವಿಟ್ಜರ್ಲೆಂಡಿನ ಜಿನೀವಾದ ಕಂಪನಿ. ಸರ್ನ್ ಸಂಶೋಧನಾ ಕೇಂದ್ರದಲ್ಲಿ ಪರಿಚಯವಾದ ವಿಜ್ಞಾನಿಗಳು 2014ರಲ್ಲಿ, ಜನರಿಂದಲೇ ಹಣ ಕೂಡಿಸಿ ಶುರು ಮಾಡಿದ್ದು. ಒಂದು ಪ್ರೋಟಾನ್ ಖಾತೆಯಿಂದ ಇನ್ನೊಂದು ಪ್ರೋಟಾನ್ ಖಾತೆಗೆ ಹೋಗುವ ಪತ್ರ ಕಳಿಸುವವರ ಯಂತ್ರದಲ್ಲೇ ಗೂಢಲಿಪಿಯಾಗಿ ಹೊರಡುತ್ತದೆ, ಪಡೆಯುವವರ ಯಂತ್ರದಲ್ಲಿ ಮಾತ್ರ ಬಿಚ್ಚಿಕೊಳ್ಳುತ್ತದೆ. ನಡುವೆ ಪ್ರೋಟಾನ್‌ನವರಿಗೂ ಓದಲಾಗದು. ಆದರೆ ನನ್ನ ಕ್ಲೈಂಟ್‌ಗಳಲ್ಲಿ ಪ್ರೋಟಾನ್ ಇಟ್ಟುಕೊಂಡವರು ಯಾರು? ಎಲ್ಲರದ್ದೂ ಜಿಮೇಲ್. ಜಿಮೇಲ್‌ನಿಂದ ಬಂದ ಪತ್ರವನ್ನು ಪ್ರೋಟಾನ್ ತನ್ನ ಕಡೆ ತಲುಪಿದ ಮೇಲೆ ಮುಚ್ಚಿಡುತ್ತದೆ, ನಿಜ. ಕಳಿಸಿದವರ ಸೆಂಟ್ ಫೋಲ್ಡರಿನಲ್ಲಿ ಮಾತ್ರ ಅದು ಹಾಗೇ ಇರುತ್ತದೆ. ಇದನ್ನು ತಿಳಿಯದೆ ‘ನಾನು ಪ್ರೋಟಾನ್‌ನಲ್ಲಿದ್ದೇನೆ, ಎಲ್ಲ ಭದ್ರ’ ಎಂದುಕೊಂಡರೆ ಅರ್ಧ ಕೆಲಸವಷ್ಟೇ ಆದಂತೆ.

ಉಳಿದರ್ಧಕ್ಕೆ ನಾನು ಬಳಸುವುದು ಪಾಸ್‌ವರ್ಡ್ ಹಾಕಿದ ಪತ್ರ. ಈ ಸೇವೆಯಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದೂ ಇದೇ. ಪತ್ರ ಬರೆಯುವ ಕಿಟಕಿಯ ಕೆಳಗಿರುವ ಬೀಗದ ಗುರುತು ಒತ್ತಿ ಒಂದು ಪಾಸ್‌ವರ್ಡ್ ಕೊಡುತ್ತೇನೆ. ಆ ಕಡೆಯವರಿಗೆ ಅವರ ಜಿಮೇಲ್‌ಗೇ ಒಂದು ಲಿಂಕ್ ಹೋಗುತ್ತದೆ. ಒತ್ತಿದರೆ ಬ್ರೌಸರಿನಲ್ಲಿ ಒಂದು ಪುಟ ತೆರೆದು ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡನ್ನು ನಾನು ಫೋನ್ ಮಾಡಿ ಬಾಯಲ್ಲಿ ಹೇಳುತ್ತೇನೆ, ಯಾವತ್ತೂ ಬರೆದು ಕಳಿಸುವುದಿಲ್ಲ. ಮುಖ್ಯ ಸಂಗತಿ ಮುಂದಿದೆ: ಅವರು ಅದೇ ಪುಟದಿಂದ ಉತ್ತರ ಬರೆದು ಕಾಗದ ಲಗತ್ತಿಸಬಹುದು, ಆ ಉತ್ತರವೂ ಮುಚ್ಚಿಕೊಂಡೇ ಬರುತ್ತದೆ. ಹಾಗಾಗಿ ಸೀಸನ್ ಶುರುವಾಗುವಾಗ ‘ಕಾಗದ ಕಳಿಸಿ’ ಎನ್ನುವ ಮೊದಲ ಪತ್ರವನ್ನು ಬೀಗ ಹಾಕಿ ನಾನೇ ಕಳಿಸುತ್ತೇನೆ, ಅವರು ಅಲ್ಲಿಂದಲೇ ಮರಳಿಸುತ್ತಾರೆ. ನಾವು ಬೇರೆ ಗಡುವು ಹಾಕದಿದ್ದರೆ ಇಂಥ ಪತ್ರ 28 ದಿನಕ್ಕೆ ತಾನಾಗಿ ಅಳಿದುಹೋಗುತ್ತದೆ. ಹತ್ತು ವರ್ಷದ ಹಳೆಯ ಆಧಾರ್ ಪ್ರತಿಗಳು ಇನ್‌ಬಾಕ್ಸಿನಲ್ಲಿ ಕೊಳೆಯುತ್ತ ಬಿದ್ದಿರುವುದನ್ನು ಕಂಡವರಿಗೆ ಈ ಅಳಿಯುವಿಕೆಯ ಬೆಲೆ ಗೊತ್ತು. ನನಗೆ ಬಂದ ಉತ್ತರ, ಕಂಪ್ಯೂಟರಿಗೆ ಇಳಿಸಿಕೊಂಡ ಪ್ರತಿ ಮಾತ್ರ ತಾವಾಗಿ ಅಳಿಯುತ್ತವೆ ಎಂದುಕೊಳ್ಳಬಾರದು, ಅವುಗಳ ಕಾವಲು ನನ್ನದೇ.

ಮೊದಲು ಗೊಣಗಿದವರಿದ್ದಾರೆ. ‘ವಾಟ್ಸ್ಯಾಪ್ ಮಾಡಿಬಿಡ್ತೀನಿ ತಗಳ್ರೀ ಅಕ್ಕಾರ’ ಎಂದ ಚನ್ನಗಿರಿಯ ಅಡಿಕೆ ವ್ಯಾಪಾರಿಯೊಬ್ಬರಿಗೆ ಅವರ ಫೋನನ್ನೇ ತೆಗೆದುಕೊಂಡು ಗ್ಯಾಲರಿ ತೋರಿಸಿದೆ. ಯಾರ್ಯಾರೋ ಕಳಿಸಿದ ಆಧಾರ್ ಕಾರ್ಡುಗಳು ಮದುವೆ ಫೋಟೋಗಳ ನಡುವೆ ಕೂತಿದ್ದವು. ವಾಟ್ಸ್ಯಾಪ್ ದಾರಿಯಲ್ಲಿ ಗೂಢಲಿಪಿ 2016ರಿಂದಲೂ ಇದೆ. ತೊಂದರೆ ಇರುವುದು ತಲುಪಿದ ಮೇಲೆ: ಫೋನಿನ ಗ್ಯಾಲರಿ, ಅದರ ಬ್ಯಾಕಪ್, ಮನೆಮಂದಿಯೆಲ್ಲ ಕೈಗೆತ್ತಿಕೊಳ್ಳುವ ಸ್ಕ್ರೀನ್. ಅವರು ಒಪ್ಪಿಕೊಂಡರು. ಆಧಾರ್ ಬೇರೆಲ್ಲಾದರೂ ಕೊಡಲೇಬೇಕಾದಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಎಂದೂ ಹೇಳಿ ಕಳಿಸಿದೆ.

ಈಗ ಕೊರತೆಗಳು. ಸಬ್ಜೆಕ್ಟ್ ಸಾಲು, ಯಾರು ಯಾರಿಗೆ ಯಾವಾಗ ಬರೆದರು ಎಂಬ ವಿವರ, ಇವಕ್ಕೆ ಆ ಪೂರ್ತಿ ರಕ್ಷಣೆ ಇಲ್ಲ. ಸಬ್ಜೆಕ್ಟಿನಲ್ಲಿ ಪ್ಯಾನ್ ನಂಬರು ಬರೆಯುವ ರೂಢಿ ನಮ್ಮ ವೃತ್ತಿಯಲ್ಲಿ ತುಂಬ ಇದೆ, ದಯವಿಟ್ಟು ಬಿಡಿ. ‘ನಿಮ್ಮ ಕಾಗದಗಳು’ ಎಂದರೆ ಸಾಕು. ಇನ್ನು, ಪಾಸ್‌ವರ್ಡ್ ಮರೆತು ಹೊಸದು ಹಾಕಿಕೊಂಡರೆ ಖಾತೆ ಸಿಗುತ್ತದೆ, ಹಳೆಯ ಪತ್ರಗಳು ತೆರೆಯುವುದಿಲ್ಲ. ಅವನ್ನು ಮರಳಿ ಪಡೆಯಲು 12 ಪದಗಳ ಒಂದು ರಿಕವರಿ ಫ್ರೇಸ್ ಕೊಡುತ್ತಾರೆ. ನನ್ನದು ಕಾಗದದ ಮೇಲೆ ಬರೆದು ಬ್ಯಾಂಕ್ ಲಾಕರಿನಲ್ಲಿದೆ. ಪತ್ರದ ಒಳಗಿನ ಪದ ಹುಡುಕುವುದೂ ಜಿಮೇಲ್‌ನಷ್ಟು ಸಲೀಸಲ್ಲ. ಅವರ ಸರ್ವರಿಗೆ ನಮ್ಮ ಪತ್ರ ಓದಲಾಗದ್ದರಿಂದ ಹುಡುಕುವ ಪಟ್ಟಿಯನ್ನು ನಮ್ಮ ಕಂಪ್ಯೂಟರೇ ತಯಾರಿಸಿಕೊಳ್ಳಬೇಕು. ಮೊದಲ ಸಲ ಅದಕ್ಕೆ ಹೊತ್ತು ಹಿಡಿಯುತ್ತದೆ.

ಕಾನೂನಿನ ಮಾತಿಗೆ ಬಂದರೆ, ಸ್ವಿಟ್ಜರ್ಲೆಂಡ್ ಎಂದ ಮಾತ್ರಕ್ಕೆ ಯಾರ ಕೈಗೂ ಏನೂ ಸಿಗದು ಎಂದು ನಂಬಬೇಡಿ. 2021ರಲ್ಲಿ ಅಲ್ಲಿನ ಅಧಿಕಾರಿಗಳ ಆದೇಶದ ಮೇರೆಗೆ ಫ್ರಾನ್ಸಿನ ಪರಿಸರ ಹೋರಾಟಗಾರರೊಬ್ಬರ ಐಪಿ ವಿಳಾಸವನ್ನು (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ಪ್ರೋಟಾನ್ ದಾಖಲಿಸಿ ಕೊಟ್ಟಿತು. ಪತ್ರದ ಒಳಗಿನದನ್ನು ಕೊಡಲಾಗಲಿಲ್ಲ, ಏಕೆಂದರೆ ಅವರ ಬಳಿ ಅದು ಓದುವ ರೂಪದಲ್ಲಿ ಇರಲೇ ಇಲ್ಲ. ಇದನ್ನು ನಾನು ಅವರ ವಿರುದ್ಧ ಹಿಡಿಯುವುದಿಲ್ಲ. ಏನು ಮುಚ್ಚಿರುತ್ತದೆ, ಏನು ಮುಚ್ಚಿರುವುದಿಲ್ಲ ಎಂಬ ಗೆರೆ ಅಲ್ಲಿ ಸ್ಪಷ್ಟವಾಗಿ ಕಂಡಿತು.

ನಮ್ಮ ರಾಜ್ಯದ್ದೇ ಇನ್ನೊಂದು ಪ್ರಕರಣ ನನ್ನನ್ನು ಹೆಚ್ಚು ಕಾಡಿದೆ. ಒಂದು ಸಂಸ್ಥೆಯ ಮಹಿಳಾ ಉದ್ಯೋಗಿಯನ್ನು ಗುರಿಯಾಗಿಸಿ ಅಶ್ಲೀಲ ಮಾತು, ಕೃತಕ ಚಿತ್ರಗಳಿದ್ದ ಪತ್ರಗಳು ಪ್ರೋಟಾನ್ ಖಾತೆಯಿಂದ ಹೋದವು. ಆ ಸಂಸ್ಥೆ ಹಾಕಿದ ಅರ್ಜಿಯ ಮೇಲೆ 2025ರ ಏಪ್ರಿಲ್ 29ರಂದು ಕರ್ನಾಟಕ ಹೈಕೋರ್ಟ್, ಈ ಸೇವೆಯನ್ನು ಭಾರತದಲ್ಲಿ ತಡೆಯುವ ಪ್ರಕ್ರಿಯೆ ಶುರು ಮಾಡುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಆ ಹೆಣ್ಣುಮಗಳ ಖಾಸಗಿತನವೂ ಖಾಸಗಿತನವೇ, ನನ್ನ ಕ್ಲೈಂಟ್‌ಗಳದ್ದಕ್ಕಿಂತ ಒಂದು ಕೂದಲೆಳೆ ಕಡಿಮೆಯಲ್ಲ. ಅವಳಿಗೆ ನೋವು ಕೊಟ್ಟವನು ಸಿಕ್ಕಿಬೀಳಬೇಕು. ಸೇವೆಯನ್ನೇ ಮುಚ್ಚಿದರೆ ಅವನು ಬೇರೆಲ್ಲೋ ಖಾತೆ ತೆರೆಯುತ್ತಾನೆ, ಕಾಗದ ಕಾಪಾಡಿಕೊಳ್ಳುವ ನಮ್ಮಂಥವರಿಗೆ ಮಾತ್ರ ತೊಂದರೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ್ದ ಅರ್ಜಿಯಲ್ಲಿ. ಏನೇ ಆಗಲಿ, ಬಳಸುವವರು ಪತ್ರಗಳನ್ನು ಆಗಾಗ ಅವರದೇ ಎಕ್ಸ್‌ಪೋರ್ಟ್ ಸಾಧನದಿಂದ ಇಳಿಸಿಟ್ಟುಕೊಳ್ಳಿ.

ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗೆ ಇದರಿಂದ ಏನು ಪ್ರಯೋಜನ ಎಂದು ನನ್ನ ಮಗಳು ಕೇಳಿದಳು. ಬಹಳ ಇದೆ. ಅಂಗಡಿಗಳು ಗಿರಾಕಿಗಳ ಮೇಲ್ ವಿಳಾಸದ ಪಟ್ಟಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್‌ಗೆ ಕೊಟ್ಟರೆ, ಅಲ್ಲಿ ಅದೇ ವಿಳಾಸವಿರುವ ಖಾತೆ ಯಾವುದೆಂದು ಹೊಂದಿಸಿಕೊಳ್ಳುತ್ತಾರೆ. ಎಲ್ಲ ಕಡೆ ಒಂದೇ ವಿಳಾಸ ಕೊಟ್ಟವರ ಬದುಕು ಹೀಗೇ ಒಂದಕ್ಕೊಂದು ಹೆಣೆದುಕೊಳ್ಳುವುದು. 2021ರಲ್ಲಿ ಫೇಸ್‌ಬುಕ್‌ನ 53 ಕೋಟಿಗೂ ಹೆಚ್ಚು ಜನರ ವಿವರ, ಫೋನ್ ನಂಬರು ಸಮೇತ, ಬಯಲಲ್ಲಿ ಹರಿದಾಡಿತು. ಪ್ರೋಟಾನ್‌ನಲ್ಲಿ ಅಡ್ಡವಿಳಾಸ ಮಾಡಿಕೊಳ್ಳಬಹುದು. ಅದಕ್ಕೆ ಬಂದದ್ದು ನಮ್ಮ ನಿಜ ವಿಳಾಸಕ್ಕೆ ಸೇರುತ್ತದೆ, ಬೇಡವಾದಾಗ ಅದೊಂದನ್ನೇ ಮುಚ್ಚಬಹುದು. ಇನ್‌ಸ್ಟಾಗ್ರಾಮ್‌ಗೆ ಒಂದು, ಬಟ್ಟೆ ತರಿಸುವುದಕ್ಕೆ ಒಂದು ಎಂದು ಮಗಳಿಗೆ ಬೇರೆಬೇರೆ ಮಾಡಿಕೊಟ್ಟೆ. ಒಂದು ಆನ್‌ಲೈನ್ ಅಂಗಡಿಗೆ ಮಾತ್ರ ಕೊಟ್ಟಿದ್ದ ವಿಳಾಸಕ್ಕೆ ಸಾಲದ ಜಾಹೀರಾತು ಬರತೊಡಗಿದಾಗ, ಅದು ಯಾವ ಬಾಗಿಲಿಂದ ಹೊರಹೋಯಿತು ಎಂದು ಹುಡುಕಬೇಕಾಗಲಿಲ್ಲ.

ಉಚಿತ ಖಾತೆಯಲ್ಲಿ 1 ಜಿಬಿವರೆಗೆ ಜಾಗ, ದಿನಕ್ಕೆ 150 ಪತ್ರ. ಮನೆಬಳಕೆಗೆ ಧಾರಾಳ. ನನ್ನಂತೆ ಕಾಗದ ಹೊರುವವರಿಗೆ ಹಣ ಕೊಟ್ಟು ಪಡೆಯುವ 15 ಜಿಬಿಯ ಮೇಲ್ ಪ್ಲಸ್ ಬೇಕು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ.

ಹಿಡಿದಿಟ್ಟ ಒಂದು ಅಂಕ ಭಾಷೆಗೆ. ಜಿಮೇಲ್‌ನ ಮೆನು ಕನ್ನಡದಲ್ಲಿ ಸಿಗುತ್ತದೆ, ಇಲ್ಲಿ ಸಿಗದು. ಪಾಸ್‌ವರ್ಡ್ ಕೇಳುವ ಆ ಪುಟ ಇಂಗ್ಲಿಷಿನಲ್ಲಿ ತೆರೆದಾಗ ಹರಿಹರದ ಕಿರಾಣಿ ಅಂಗಡಿಯ ಅಜ್ಜ ‘ಇದು ಮೋಸದ ಲಿಂಕ್ ಅಲ್ಲ ತಾನೇ ಮಗಳೇ?’ ಎಂದು ಫೋನ್ ಮಾಡುತ್ತಾರೆ. ಕೇಳುವುದು ನ್ಯಾಯವೇ, ಹಾಗೆ ಕೇಳಿಯೇ ಒತ್ತಬೇಕು. ಪ್ರೋಟಾನ್‌ನವರಿಗೆ ಕನ್ನಡ ಸೇರಿಸಿ ಎಂದು ಬರೆದಿದ್ದೇನೆ. ಅಲ್ಲಿಯವರೆಗೆ, ಯಾವ ಗುಂಡಿ ಒತ್ತಬೇಕು, ಎಲ್ಲಿ ಪಾಸ್‌ವರ್ಡ್ ಹಾಕಬೇಕು ಎಂದು ಕನ್ನಡದಲ್ಲಿ ಅಚ್ಚು ಹಾಕಿಸಿದ ಅರ್ಧ ಹಾಳೆಯೊಂದನ್ನು ಆಫೀಸಿಗೆ ಬಂದವರಿಗೆಲ್ಲ ಕೊಡುತ್ತಿದ್ದೇನೆ. ಬೇಕಾದ ಟ್ಯಾಕ್ಸ್ ಪ್ರಾಕ್ಟೀಷನರ್‌ಗಳು ಕೇಳಿ ಪಡೆಯಬಹುದು.