ಎರಡು ರಾತ್ರಿ, ಒಂದು ಹಂಡೆ ಬಿಸಿನೀರು: ತೀರ್ಥಹಳ್ಳಿ ಕಡೆಯ ಒಂದು ಹೋಂಸ್ಟೇ

ಬೆಳಿಗ್ಗೆ ಹಾಸಿಗೆ ಬಿಡುವ ಮೊದಲು ಮಣಿಕಟ್ಟು ಹಿಡಿದು ನಾಡಿ ಎಣಿಸುವುದು ನನ್ನ ಅಭ್ಯಾಸ. ಸಾಮಾನ್ಯವಾಗಿ ನಿಮಿಷಕ್ಕೆ 56. ದೀಪಾವಳಿ ಕಳೆದ ವಾರ ಸತತ ನಾಲ್ಕು ದಿನ 64 ದಾಟಿತು; ಮೈಯ ದಣಿವು ಆರಿಲ್ಲ ಎನ್ನುವುದರ ಸೂಚನೆ ಅದು. 200 ಕಿಲೋಮೀಟರ್ ದೂರವನ್ನು 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕಾದ ಬ್ರೆವೆ ಎಂಬ ದೂರದ ಸೈಕಲ್ ಸವಾರಿಗೆ ತಯಾರಾಗುವ ಹುಮ್ಮಸ್ಸಿನಲ್ಲಿ ವಾರಕ್ಕೆ ಆರು ದಿನ ಸೈಕಲ್ ತುಳಿಯುತ್ತಿದ್ದೆ. ಕೊನೆಗೆ ಶಿವಮೊಗ್ಗದಿಂದ ಗಾಜನೂರು ಅಣೆಕಟ್ಟೆಗೆ ಹೋಗಿಬರುವುದೂ ಭಾರವಾಯಿತು. ರಾತ್ರಿ ನಿದ್ದೆಯಿಲ್ಲ, ಹಗಲು ಮನೆಯವರ ಮೇಲೆ ರೇಗಾಟ.

ಆಗ ಸಹೋದ್ಯೋಗಿಯೊಬ್ಬರು ಹೇಳಿದ್ದು ಈ ಹೋಂಸ್ಟೇ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಸ್ವಲ್ಪ ದೂರ ಹೋಗಿ ಎಡಕ್ಕಿಳಿದರೆ ಅಡಿಕೆ ತೋಟದ ನಡುವೆ ಮೂರು ಕೋಣೆಗಳ ಮನೆ. ಬೋರ್ಡು ಇಲ್ಲ, ಹೆಸರು ಹಾಕುವುದು ಬೇಡವೆಂದು ಮನೆಯವರೇ ಕೇಳಿಕೊಂಡಿದ್ದಾರೆ. ಊಟ ಸೇರಿ ದಿನಕ್ಕೆ 1,800 ರೂಪಾಯಿ, ಎಣ್ಣೆಸ್ನಾನಕ್ಕೆ ಬೇರೆ 400.

ಶನಿವಾರ ಮಂಡಗದ್ದೆ ದಾರಿಯಲ್ಲಿ ನಿಧಾನವಾಗಿ ತುಳಿದು ಮಧ್ಯಾಹ್ನಕ್ಕೆ ಮುಟ್ಟಿದೆ. ಮನೆಯ ಅಜ್ಜಿ ಸೈಕಲ್ಲನ್ನು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಇಡಿಸಿ ಬೀಗ ಹಾಕಿದರು. "ನಾಳೆ ಇದನ್ನು ಕೇಳಬೇಡ ಮಾರಾಯ್ತಿ" ಎಂದರು. ನನಗೆ ಬೇಕಾಗಿದ್ದುದು ಅಷ್ಟೇ. ಮನೆಯಲ್ಲಿದ್ದರೆ ಭಾನುವಾರ "ಸುಮ್ಮನೆ ಹತ್ತು ಕಿಲೋಮೀಟರ್" ಎಂದು ಹೊರಟವಳು ನಲವತ್ತು ಮುಗಿಸಿ ಬರುತ್ತಿದ್ದೆ.

ಎಣ್ಣೆಸ್ನಾನದ ಬಗ್ಗೆ ವಿವರವಾಗಿಯೇ ಹೇಳಬೇಕು. ಬಚ್ಚಲಮನೆ ಹಳೆಯದು, ಗೋಡೆಯೆಲ್ಲ ಹೊಗೆಯಿಂದ ಕಪ್ಪು. ಅಡಿಕೆ ಸಿಪ್ಪೆಯ ಉರಿಯ ಮೇಲೆ ತಾಮ್ರದ ಹಂಡೆ. ಹರಳೆಣ್ಣೆಗೆ ಕೊಬ್ಬರಿ ಎಣ್ಣೆ ಬೆರೆಸಿ ಬೆಚ್ಚಗೆ ಮಾಡಿ, ಅಜ್ಜಿ ನೆತ್ತಿಯಿಂದ ಶುರುಮಾಡಿದರು. ಮೀನಖಂಡಕ್ಕೆ ಬಂದಾಗ ಹೆಬ್ಬೆರಳಿಗೆ ಸಿಕ್ಕ ಗಂಟನ್ನು ಒತ್ತಿ ಹಿಡಿದು, ಅದು ಸಡಿಲವಾಗುವವರೆಗೆ ಮಾತಾಡದೆ ಕಾದರು. ಎಣ್ಣೆ ಬಿಡಿಸಲು ಸೀಗೆಪುಡಿ, ತಲೆಗೆ ದಾಸವಾಳ ಸೊಪ್ಪಿನ ಗೊಂಪು. ಆಮೇಲೆ ಬಾಣಂತಿಗೆ ಹೊದಿಸುವಂತೆ ಕಂಬಳಿ ಹೊದಿಸಿ ಮಲಗಿಸಿದರು.

ಎಣ್ಣೆ ತಿಕ್ಕಿದರೆ ಕಾಲಿನ ಲ್ಯಾಕ್ಟಿಕ್ ಆಮ್ಲ ಇಳಿಯುತ್ತದೆ ಎಂದು ಸವಾರರು ಹೇಳುವುದುಂಟು. ಅದು ಸವಾರಿ ನಿಂತ ಒಂದೆರಡು ಗಂಟೆಯಲ್ಲೇ ತಾನಾಗಿ ಇಳಿದಿರುತ್ತದೆ. ಮರುದಿನದ ನೋವಿಗೆ ಸ್ನಾಯುವಿನ ನಾರುಗಳಿಗಾದ ಸೂಕ್ಷ್ಮ ಪೆಟ್ಟು ಕಾರಣ. ತಿಕ್ಕುವುದರಿಂದ ಆ ನೋವು ತುಸು ಕಡಿಮೆಯಾಗುತ್ತದೆ ನಿಜ, ಆದರೆ ರಿಪೇರಿ ನಡೆಯುವುದು ಉಂಡು ಮಲಗಿದಾಗ. ಊಟದ ವಿಷಯದಲ್ಲಿ ಈ ಮನೆ ಒಂದು ಕೈ ಮೇಲೆ: ಬೆಳಿಗ್ಗೆ ಅಕ್ಕಿ ಕಡುಬು, ಮಧ್ಯಾಹ್ನ ಅನ್ನ, ಒಂದೆಲಗದ ತಂಬುಳಿ, ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು. ದಣಿದ ಕಾಲಿಗೆ ಬೇಕಾದ ಅಕ್ಕಿ, ಕಾಳು ಎರಡೂ ಇದ್ದವು.

ಕೊರತೆಗಳೂ ಇವೆ. ನಾನು ಬಂದ ಅರ್ಧ ಗಂಟೆಯಲ್ಲೇ ಸ್ನಾನಕ್ಕೆ ಕರೆದರು. ಬೆವರಿ ಒಣಗಿದ ಮೈಗೆ ಆ ಬಿಸಿನೀರು ಬಿದ್ದದ್ದೇ ತಲೆ ತಿರುಗಿ ಬಚ್ಚಲ ಕಟ್ಟೆ ಹಿಡಿದು ಕುಳಿತುಬಿಟ್ಟೆ. ಸವಾರಿ ಮಾಡಿ ಬಂದ ದಿನ ಎಣ್ಣೆಸ್ನಾನ ಬೇಡ. ಉಪ್ಪು ಹಾಕಿದ ಮಜ್ಜಿಗೆ ಕುಡಿದು, ಉಂಡು, ಮಾರನೆಯ ದಿನಕ್ಕೆ ಇಟ್ಟುಕೊಳ್ಳಿ. ಮಂಡಿಯ ಹೊರಬದಿಯಲ್ಲಿ ನೋವಿದ್ದರೆ ಅಲ್ಲಿ ಬಲವಾಗಿ ಒತ್ತಬೇಡಿ ಎಂದು ಮೊದಲೇ ಹೇಳಿ.

ದೊಡ್ಡ ತಕರಾರು ಕೋಣೆಯದು. ಕೊಯ್ಲಿನ ಕಾಲ; ಅಂಗಳದ ಕಡೆಯ ಕೋಣೆಗೆ ಅಡಿಕೆ ಸುಲಿಯುವ ಯಂತ್ರದ ಸದ್ದು ರಾತ್ರಿ ಹನ್ನೊಂದರವರೆಗೂ ಬಡಿಯುತ್ತಿತ್ತು. ನಿದ್ದೆಗೆಂದೇ ಬಂದವಳಿಗೆ ಅಳು ಬರುವಷ್ಟು ಬೇಸರವಾಯಿತು. ಬೆಳಿಗ್ಗೆ ಹೇಳಿದ ಕೂಡಲೇ ಹಿಂಬದಿಯ ಕೋಣೆ ಕೊಟ್ಟರು. ಅಲ್ಲಿ ಕೇಳಿಸುವುದು ಹಳ್ಳದ ನೀರು ಮಾತ್ರ. ಆ ರಾತ್ರಿ ಒಂಬತ್ತು ಗಂಟೆ ನಿದ್ದೆ ಮಾಡಿದೆ.

ಸೋಮವಾರ ನಾಡಿ 58. ಎರಡೇ ದಿನಕ್ಕೆ ಎಲ್ಲ ಸರಿಹೋಯಿತೆಂದಲ್ಲ. ಗಾಜನೂರಿನ ಏರು ಮತ್ತೆ ಹಗುರವೆನಿಸಲು ಇನ್ನೂ ಹತ್ತು ದಿನ ಹಿಡಿಯಿತು. ಈಗ ವಾರಕ್ಕೆ ನಾಲ್ಕೇ ದಿನ ತುಳಿಯುತ್ತೇನೆ, ಪ್ರತಿ ನಾಲ್ಕನೆಯ ವಾರ ದೂರವನ್ನು ಅರ್ಧಕ್ಕೆ ಇಳಿಸುತ್ತೇನೆ. ಮುಂದಿನ ಅಂಥ ವಾರಕ್ಕೆ ಹಿಂಬದಿಯ ಕೋಣೆಯನ್ನು ಈಗಲೇ ಹೇಳಿಟ್ಟಿದ್ದೇನೆ, ಸ್ನಾನ ಭಾನುವಾರಕ್ಕೆ.