ಹತ್ತು ವಾಟಿನ ಹುಡುಕಾಟ: ಕರೆಂಟಿಲ್ಲದ ಮಳೆಗಾಲದಲ್ಲಿ ವೈಫೈ ಉಳಿಸುವ ಬ್ಯಾಟರಿಗಳ ಹೋಲಿಕೆ

ಆರಿದ್ರಾ ಮಳೆ ಹಿಡಿಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಕರೆಂಟಿಗೂ ಒಂದು ಲಯ ಹಿಡಿಯುತ್ತದೆ. ಬೆಳಗ್ಗೆ ಎಲ್ಲೋ ಮರ ಬಿದ್ದು ಹೋಗುತ್ತದೆ, ಮಧ್ಯಾಹ್ನ ಒಂದು ತಾಸು ಬಂದು ಮುಖ ತೋರಿಸುತ್ತದೆ, ಮತ್ತೆ ಹೋದದ್ದು ರಾತ್ರಿಗೋ ಮರುದಿನಕ್ಕೋ. ಮನೆಯ ಮೆತ್ತಿನ ಮೇಲೆ ಕುಳಿತು ಬೆಂಗಳೂರಿನ ಕಂಪನಿಗೆ ದುಡಿಯುವವರಿಗೆ ಈ ಹೊತ್ತಿನಲ್ಲಿ ಬೇಕಾದದ್ದು ಹತ್ತು ವಾಟಿಗೂ ಕಡಿಮೆ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇದೆ, ಫೈಬರ್ ರೌಟರಿಗೆ ಇಲ್ಲ.

ಆ ಹತ್ತು ವಾಟಿಗೆ ಅಂಗಡಿಯಲ್ಲಿ ಸಿಗುವ ದಾರಿಗಳು ನಾಲ್ಕೈದು. ಒಂದೇ ರೌಟರಿಗೆ ಎಲ್ಲವನ್ನೂ ಸರದಿಯಂತೆ ಜೋಡಿಸಿ ಅಳೆದ ಲೆಕ್ಕ ಇಲ್ಲಿದೆ. ಎಷ್ಟು ತಾಸು ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಆದರೆ ಘಟ್ಟದ ಮೇಲಿನ ಮಳೆಗಾಲದಲ್ಲಿ ಗೆಲುವು ಸೋಲು ನಿರ್ಧಾರವಾಗುವುದು ಬೇರೆ ಕಡೆ: ನಡುವೆ ಬಂದ ಆ ಒಂದು ತಾಸಿನ ಕರೆಂಟಿನಲ್ಲಿ ಬ್ಯಾಟರಿ ಎಷ್ಟು ತುಂಬಿಕೊಳ್ಳುತ್ತದೆ ಎಂಬಲ್ಲಿ.

ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಬೇಕು. ಕರೆಂಟು ಹೋಗಿ ಎರಡು ಮೂರು ತಾಸಾದ ಮೇಲೆ, ಯಾರದಾದರೂ ಇನ್ವರ್ಟರಿಗೆ ಸಿಕ್ಕಿಸಿಯಾದರೂ ಸರಿ, ರೌಟರ್ ಹೊತ್ತಿಸಿ ಅದರ ಮೇಲೆ ಪಾನ್ (PON) ಎಂದು ಬರೆದ ದೀಪ ನೋಡಿ. ಹಸಿರು ನಿಂತಿದ್ದರೆ ಆಚೆ ತುದಿ ಜೀವಂತವಾಗಿದೆ. ಲಾಸ್ (LOS) ದೀಪ ಕೆಂಪಗೆ ಮಿಣುಕಿದರೆ ಬೆಳಕೇ ಬರುತ್ತಿಲ್ಲ: ಫೈಬರ್ ತುಂಡಾಗಿದೆ, ಇಲ್ಲವೇ ಎಕ್ಸ್‌ಚೇಂಜಿನ ಉಪಕರಣವೇ ಆರಿದೆ. ಜಿಪಾನ್ (GPON) ಎಂಬ ಬಗೆಯ ಫೈಬರ್ ಜಾಲದ ಚೆಂದವೆಂದರೆ ಎಕ್ಸ್‌ಚೇಂಜಿಗೂ ಮನೆಗೂ ನಡುವೆ ಕರೆಂಟು ಕೇಳುವ ಪೆಟ್ಟಿಗೆ ಇರುವುದಿಲ್ಲ. ಕಂಬದ ಮೇಲಿನ ಸ್ಪ್ಲಿಟರ್ ಬರೀ ಗಾಜು. ಆ ಕಡೆಯಿಂದ ಬಂದ 1490 ನ್ಯಾನೋಮೀಟರ್ ಬೆಳಕನ್ನು ಎಂಟು, ಹದಿನಾರು ಮನೆಗಳಿಗೆ ಹಂಚಿ ಸುಮ್ಮನಿರುತ್ತದೆ. ದಾರಿಯ ಊರುಗಳೆಲ್ಲ ಕತ್ತಲಾಗಿದ್ದರೂ ಎರಡು ತುದಿಗೆ ಬ್ಯಾಟರಿ ಇದ್ದರೆ ಸಾಕು. ಆದರೆ ಕೆಲವು ಕಡೆ ಕಂಬದ ಪೆಟ್ಟಿಗೆಯಲ್ಲಿ ಫೈಬರಿನ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಮೀಡಿಯಾ ಕನ್ವರ್ಟರೂ, ಕರೆಂಟು ಬೇಡುವ ನೆಟ್ವರ್ಕ್ ಸ್ವಿಚ್ಚೂ ಇಟ್ಟು, ಅಲ್ಲಿಂದ ಮುಂದೆ ಮನೆಗಳಿಗೆ ಲ್ಯಾನ್ ತಂತಿ ಎಳೆದಿರುತ್ತಾರೆ. ಅಂಥ ಜಾಲದಲ್ಲಿ ಮನೆಗೆ ಎಷ್ಟು ದೊಡ್ಡ ಬ್ಯಾಟರಿ ತಂದರೂ ಕಂಬದ ಪೆಟ್ಟಿಗೆ ಆರಿದ ಕೂಡಲೇ ಆಟ ಮುಗಿಯಿತು.

ಪರೀಕ್ಷೆಗೆ ಬಳಸಿದ್ದು ಎರಡು ಬ್ಯಾಂಡಿನ ಸಾಮಾನ್ಯ ಫೈಬರ್ ರೌಟರ್. ಅಡಾಪ್ಟರಿನ ಮೇಲೆ 12 ವೋಲ್ಟ್, 1 ಆಂಪ್ ಎಂದಿದೆ. ಸುಮ್ಮನಿದ್ದಾಗ ಎಳೆಯುವುದು 0.5 ಆಂಪ್, ಎರಡು ಫೋನಿನಲ್ಲಿ ವಿಡಿಯೋ ಓಡುವಾಗ 0.7. ಸರಾಸರಿ 7 ವಾಟ್ ಹಿಡಿದಿದೆ. 5 ಗಿಗಾಹರ್ಟ್ಸ್ ಬ್ಯಾಂಡ್ ಆರಿಸಿದರೆ ಸುಮಾರು ಒಂದು ವಾಟ್ ಉಳಿಯುತ್ತದೆ.

ಮನೆಯಲ್ಲಿ ಆಗಲೇ ಇರುವ ಇನ್ವರ್ಟರ್ ಮೊದಲು. 12 ವೋಲ್ಟ್ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ ಎಂದರೆ ಕಾಗದದ ಮೇಲೆ 1800 ವಾಟ್-ಅವರ್. ಅರ್ಧ ಬಳಸಿದರೂ 900. ಏಳು ವಾಟಿನ ರೌಟರಿಗೆ ಇದು ಐದು ದಿನಕ್ಕೂ ಹೆಚ್ಚು ಬರಬೇಕಿತ್ತಲ್ಲ ಎಂದು ತೋರುತ್ತದೆ. ಬರುವುದಿಲ್ಲ, ಏಕೆಂದರೆ ಇನ್ವರ್ಟರ್ ತಾನು ಎಚ್ಚರವಾಗಿರುವುದಕ್ಕೇ ಬ್ಯಾಟರಿಯಿಂದ 1ರಿಂದ 1.5 ಆಂಪ್ ತಿನ್ನುತ್ತದೆ, ಅಂದರೆ 12ರಿಂದ 18 ವಾಟ್. ಅಡಾಪ್ಟರಿನ ನಷ್ಟ ಸೇರಿ ರೌಟರಿನದು ಎಂಟೂವರೆ. ಏಳು ವಾಟ್ ಕೆಲಸಕ್ಕೆ ಇಪ್ಪತ್ತೈದು ವಾಟ್ ಖರ್ಚು. ಅಡಿಕೆ ಸುಲಿದು ಸಿಪ್ಪೆಯನ್ನೇ ತೂಗಿದಂತೆ. ಆದರೂ ಬೇರೇನೂ ಹಾಕದಿದ್ದರೆ ಮೂವತ್ತು ಮೂವತ್ತೈದು ತಾಸು ಅಡ್ಡಿಯಿಲ್ಲ. ಶಿರಸಿಯ ಜುಲೈಯಲ್ಲಿ ಫ್ಯಾನ್ ಬೇಡ, ಎರಡು ಎಲ್‌ಇಡಿ ಬಲ್ಬು ಸಾಕು. ಕಾರವಾರದ ಏಪ್ರಿಲ್ ಹಾಗಲ್ಲ. ಹಳೆಯ 75 ವಾಟಿನ ಫ್ಯಾನ್ ಎರಡು ತಿರುಗಿದರೆ ಬೆಳಗಿನ ಜಾವಕ್ಕೆ ರೌಟರಿಗೆ ಏನೂ ಉಳಿಯುವುದಿಲ್ಲ.

ಇನ್ವರ್ಟರಿನ ಹಿಂದಿರುವ ಪುಟ್ಟ ಸ್ವಿಚ್ಚಿನ ಕಡೆ ಯಾರೂ ನೋಡುವುದಿಲ್ಲ. ಅದು ಯುಪಿಎಸ್ ಕಡೆ ಇದ್ದರೆ ಸುಮಾರು 180 ವೋಲ್ಟಿಗಿಂತ ಕೆಳಗಿನ ಕರೆಂಟನ್ನು ಇನ್ವರ್ಟರ್ ಒಪ್ಪುವುದಿಲ್ಲ. ಲೈನಿನ ಕೊನೆಯ ಮನೆಗಳಲ್ಲಿ ಸಂಜೆ 160 ವೋಲ್ಟ್ ಹೊಸತೇನಲ್ಲ. ಕರೆಂಟು ಇದೆ, ಬಲ್ಬು ಮಂಕಾಗಿ ಉರಿಯುತ್ತಿದೆ, ಇನ್ವರ್ಟರ್ ಮಾತ್ರ ಬ್ಯಾಟರಿಯನ್ನೇ ಹಿಂಡುತ್ತಿದೆ. ಸ್ವಿಚ್ಚನ್ನು ನಾರ್ಮಲ್ ಅಥವಾ ವೈಡ್ ಕಡೆ ಹಾಕಿದರೆ ಸುಮಾರು 100 ವೋಲ್ಟ್ ತನಕ ಒಪ್ಪಿಕೊಳ್ಳುತ್ತದೆ. ರೌಟರಿನ ಅಡಾಪ್ಟರಿಗೂ 100ರಿಂದ 240 ವೋಲ್ಟ್ ನಡೆಯುತ್ತದೆ. ಆದರೆ ಆ ಕಡೆ ಹಾಕಿದಾಗ ಬದಲಾವಣೆ ನಿಧಾನ. ಕರೆಂಟು ಹೋದ ಕ್ಷಣ ರೌಟರ್ ರೀಸ್ಟಾರ್ಟ್ ಆಗಿ ಮತ್ತೆ ಸಂಪರ್ಕ ಹಿಡಿಯಲು ಎರಡು ಮೂರು ನಿಮಿಷ. ಮೀಟಿಂಗಿನ ನಡುವೆ ಮಾಯವಾಗಲು ಅಷ್ಟು ಸಾಕು. ಮೇನ್ ಎಂಸಿಬಿ ಇಳಿಸಿ ದೀಪ ನೋಡಿದರೆ ನಿಮ್ಮದು ಯಾವ ಜಾತಿ ಎಂದು ಗೊತ್ತಾಗುತ್ತದೆ.

ಮಿನಿ ಯುಪಿಎಸ್ ಎಂಬ ಅಂಗೈಯಗಲದ ಡಬ್ಬಿ ಜೋಡಿಸಲು ಅತಿ ಸುಲಭ. ಅಡಾಪ್ಟರ್ ಇತ್ತ, ರೌಟರ್ ಅತ್ತ. ಕರೆಂಟು ಹೋದದ್ದು ರೌಟರಿಗೆ ತಿಳಿಯುವುದೇ ಇಲ್ಲ. ಮೇಲೆ ಬರೆದ 8800 ಮಿಲಿಆಂಪಿಯರ್-ಅವರ್ ನೋಡಿ ಹಿಗ್ಗಬೇಡಿ: ಅದು 3.7 ವೋಲ್ಟಿನ ಲೆಕ್ಕ, 12 ವೋಲ್ಟಿನದಲ್ಲ. 32 ವಾಟ್-ಅವರ್ ಆಯಿತು, 12ಕ್ಕೆ ಏರಿಸುವಾಗಿನ ನಷ್ಟ ಕಳೆದು 27. ಹೊಸತರಲ್ಲಿ ಸಿಕ್ಕಿದ್ದು ಮೂರು ಮುಕ್ಕಾಲು ತಾಸು. ಒಳಗಿರಬೇಕಾದದ್ದು 18650 ಗಾತ್ರದ ನಾಲ್ಕು ಲಿಥಿಯಂ ಸೆಲ್ಲು, ಒಂದೊಂದು ಸುಮಾರು 45 ಗ್ರಾಂ. ತಕ್ಕಡಿಯಲ್ಲಿ ಇಡೀ ಡಬ್ಬಿ 180 ಗ್ರಾಮಿಗಿಂತ ಕಡಿಮೆ ತೂಗಿದರೆ ಒಳಗೆ ನಾಲ್ಕಿಲ್ಲ.

ಇದರ ನಿಜವಾದ ದೌರ್ಬಲ್ಯ ತುಂಬಿಕೊಳ್ಳುವ ವೇಗ. ಬರಿದಾದದ್ದು ತುಂಬಲು ಆರು ತಾಸು ಬೇಕಾಯಿತು. ಮಧ್ಯಾಹ್ನದ ಒಂದು ತಾಸಿನ ಕರೆಂಟಿನಿಂದ ದಕ್ಕುವುದು ನಲವತ್ತು ನಿಮಿಷದ ವೈಫೈ. ಇನ್ನೊಂದು ತೊಂದರೆ ಸದ್ದಿಲ್ಲದೆ ಬರುತ್ತದೆ: ರೌಟರಿನ ಜೊತೆ ಬಂದ 1 ಆಂಪ್ ಅಡಾಪ್ಟರಿಗೆ ಈಗ ರೌಟರೂ ಸಾಕಬೇಕು, ಬ್ಯಾಟರಿಯೂ ತುಂಬಬೇಕು. ಕರೆಂಟು ಇರುವಾಗಲೇ ರೌಟರ್ ರೀಸ್ಟಾರ್ಟ್ ಆಗುತ್ತಿದ್ದರೆ ಕಾರಣ ಅದೇ. 12 ವೋಲ್ಟ್ 2 ಆಂಪ್ ಅಡಾಪ್ಟರ್ ಹಾಕಿದರೆ ಸರಿಹೋಗುತ್ತದೆ. ಟಿವಿ ಕಪಾಟಿನೊಳಗೆ ಬಿಸಿ ರೌಟರಿನ ಮೇಲೆ ಇದನ್ನು ಇಡುವುದು ಬೇಡ. ಸದಾ ಪೂರ್ತಿ ತುಂಬಿ ಬಿಸಿಯಲ್ಲಿ ಕುಳಿತ ಲಿಥಿಯಂ ಅಯಾನ್ ಸೆಲ್ಲು ಬೇಗ ಸಾಯುತ್ತದೆ, ಕೆಲವು ಉಬ್ಬುತ್ತವೆ. ಕರೆಂಟು ಒಂದೆರಡು ತಾಸು ಹೋಗಿ ಬರುವ ಕಾರವಾರ, ಕುಮಟಾ ಪೇಟೆಯ ಮನೆಗಳಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಪವರ್‌ಬ್ಯಾಂಕಿಗೆ 12 ವೋಲ್ಟಿನ ಕೇಬಲ್ ಸಿಕ್ಕಿಸುವ ಉಪಾಯ ಪ್ರವಾಸಕ್ಕೆ ಸರಿ. 5 ವೋಲ್ಟ್ 2 ಆಂಪ್ ಕೊಡುವ ಬ್ಯಾಂಕಿನಿಂದ ಹತ್ತು ವಾಟ್ ಮೇಲೆ ಬರುವುದಿಲ್ಲ, ರೌಟರ್ ಏಳುವಾಗಲೇ ಮುಗ್ಗರಿಸುತ್ತದೆ.

ಇನ್ನು ಸಿಸಿಟಿವಿ ಅಂಗಡಿಗಳಲ್ಲಿ ಸಿಗುವ 12 ವೋಲ್ಟ್ 7 ಆಂಪಿಯರ್-ಅವರ್ ಸೀಲ್ಡ್ ಲೆಡ್-ಆಸಿಡ್ ಬ್ಯಾಟರಿ, ಎರಡು ಕಿಲೋ ಚಿಲ್ಲರೆ ತೂಕದ್ದು. ಅದರ ಎದುರಾಳಿ ಲಿಥಿಯಂ ಐರನ್ ಫಾಸ್ಫೇಟ್, ರೂಢಿಯಲ್ಲಿ ಎಲ್‌ಎಫ್‌ಪಿ: 32700 ಗಾತ್ರದ 6 ಆಂಪಿಯರ್-ಅವರ್ ಸೆಲ್ಲು ನಾಲ್ಕು ಸಾಲಾಗಿ, 12.8 ವೋಲ್ಟ್, ಜೊತೆಗೆ ಸೆಲ್ಲುಗಳನ್ನು ಕಾಯುವ ಸರ್ಕ್ಯೂಟ್, ಅಂದರೆ ಬಿಎಂಎಸ್. ಎರಡನ್ನೂ ಒಂದೇ ಚಾರ್ಜರಿನಲ್ಲಿ ತುಂಬಿಸಿ ನೋಡಿದ್ದರಿಂದ ಹೋಲಿಕೆ ನ್ಯಾಯವಾಗಿದೆ.

ಚಾರ್ಜರ್ ಹೀಗೆ. ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್ 65 ವಾಟ್ ಅಡಾಪ್ಟರ್, ಅದರ ಮುಂದೆ ಎಕ್ಸ್‌ಎಲ್4015 ಚಿಪ್ಪಿನ ಬಕ್ ಮಾಡ್ಯೂಲ್, ಅಂದರೆ ವೋಲ್ಟೇಜ್ ಇಳಿಸುವ ಹಲಗೆ. ಎರಡು ತಿರುಪು ಇರುವುದನ್ನೇ ಕೇಳಿ ಪಡೆಯಬೇಕು. ಒಂದು ವೋಲ್ಟೇಜಿಗೆ, ಇನ್ನೊಂದು ಕರೆಂಟಿನ ಮಿತಿಗೆ. ಮಾಡ್ಯೂಲಿನ ಔಟ್‌ಪುಟ್ಟಿನಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 5 ಆಂಪಿನ ಶಾಟ್‌ಕಿ ಡಯೋಡ್ ಹಾಕದಿದ್ದರೆ ಕರೆಂಟು ಹೋದಾಗ ಬ್ಯಾಟರಿ ಹಿಮ್ಮುಖವಾಗಿ ಮಾಡ್ಯೂಲಿನೊಳಗೆ ಸೋರುತ್ತದೆ. ಡಯೋಡ್ ಸುಮಾರು 0.4 ವೋಲ್ಟ್ ನುಂಗುವುದರಿಂದ ಮೀಟರ್ ಹಿಡಿಯಬೇಕಾದದ್ದು ಡಯೋಡಿನ ಆಚೆ, ಬ್ಯಾಟರಿಯ ಕಡೆ. ಅಲ್ಲಿ 13.8 ವೋಲ್ಟ್ ಬರುವಂತೆ ತಿರುಪು ತಿರುಗಿಸಿ. ಕರೆಂಟಿನ ಮಿತಿ ಸೀಲ್ಡ್ ಬ್ಯಾಟರಿಗೆ 2 ಆಂಪ್, ಎಲ್‌ಎಫ್‌ಪಿಗೆ 3. ಬ್ಯಾಟರಿಯ ಪಾಸಿಟಿವ್ ತಂತಿಯಲ್ಲಿ, ಟರ್ಮಿನಲ್ಲಿನ ಹತ್ತಿರವೇ, 5 ಆಂಪ್ ಫ್ಯೂಸ್ ಇರಲಿ. ಚಿಕ್ಕ ಬ್ಯಾಟರಿಯೆಂದು ಉಡಾಫೆ ಬೇಡ, ಶಾರ್ಟ್ ಆದರೆ ತಂತಿ ಕೆಂಪಾಗುವಷ್ಟು ಕಸುವು ಎರಡಕ್ಕೂ ಇದೆ.

ಬ್ಯಾಟರಿಗೂ ರೌಟರಿಗೂ ನಡುವೆ ವೋಲ್ಟೇಜನ್ನು ಬೇಕಾದಂತೆ ಏರಿಸಿ ಇಳಿಸಿ 12.0 ವೋಲ್ಟಿಗೆ ಕಟ್ಟುವ ಬಕ್-ಬೂಸ್ಟ್ ಮಾಡ್ಯೂಲ್ ಇದೆ. ಇದಿಲ್ಲದೆ 13.8 ವೋಲ್ಟನ್ನು ನೇರ ಕೊಟ್ಟರೂ ಹಲವು ರೌಟರುಗಳು ಸಹಿಸುತ್ತವೆ. ಒಳಗಿನ ಇನ್‌ಪುಟ್ ಕೆಪಾಸಿಟರ್ 25 ವೋಲ್ಟಿನದಾದರೆ ನಿಶ್ಚಿಂತೆ, 16ರದಾದರೆ ಅಂಚಿನ ಮೇಲೆ ನಡಿಗೆ. ರೌಟರ್ ಕಂಪನಿಯ ಸ್ವತ್ತಾಗಿದ್ದರೆ ಬಿಚ್ಚಿ ನೋಡುವಂತೆಯೂ ಇಲ್ಲ. ಮಾಡ್ಯೂಲ್ ಹತ್ತು ಶೇಕಡಾ ತಿಂದರೂ ಹಾಕುವುದೇ ವಾಸಿ.

ಫಲಿತಾಂಶ ಮೊದಲ ನೋಟಕ್ಕೆ ಸೀಲ್ಡ್ ಬ್ಯಾಟರಿಯ ಕಡೆ ವಾಲುತ್ತದೆ. 10.5 ವೋಲ್ಟ್ ತನಕ ಹಿಂಡಿದಾಗ ಒಂಬತ್ತೂವರೆ ತಾಸು ಬಂತು. ಎಲ್‌ಎಫ್‌ಪಿ ಎಂಟೂವರೆಗೆ ನಿಂತಿತು. ಬೆಲೆಯಲ್ಲೂ ಸೀಲ್ಡ್ ಅರ್ಧಕ್ಕರ್ಧ ಅಗ್ಗ. ಒಂದೇ ಸಲದ ಓಟವಾಗಿದ್ದರೆ ಮಾತು ಇಲ್ಲಿಗೇ ಮುಗಿಯುತ್ತಿತ್ತು.

ಈಗ ಮಧ್ಯಾಹ್ನದ ಆ ಒಂದು ತಾಸು. ಸೀಲ್ಡ್ ಬ್ಯಾಟರಿಯ ಮೈಮೇಲೆ ಸಾಮಾನ್ಯವಾಗಿ ಆರಂಭದ ಕರೆಂಟು 2.1 ಆಂಪ್ ಮೀರಬಾರದು ಎಂದು ಅಚ್ಚಾಗಿರುತ್ತದೆ. ನಮ್ಮ 2 ಆಂಪಿನಲ್ಲಿ ರೌಟರಿನ 0.6 ಕಳೆದು ಬ್ಯಾಟರಿಗೆ ಹೋಗುವುದು 1.4. ಒಂದು ತಾಸು ತುಂಬಿದರೆ ಹತ್ತಿರಹತ್ತಿರ ಎರಡು ತಾಸಿನ ವೈಫೈ. ಅದೂ ಬ್ಯಾಟರಿ ಬರಿದಾಗಿದ್ದಾಗ ಮಾತ್ರ. ಮುಕ್ಕಾಲು ತುಂಬಿದ ಮೇಲೆ ಲೆಡ್-ಆಸಿಡ್ ಕರೆಂಟು ಕುಡಿಯುವುದನ್ನೇ ನಿಧಾನ ಮಾಡುತ್ತದೆ, ಕೊನೆಯ ಕಾಲುಭಾಗಕ್ಕೆ ಐದಾರು ತಾಸು ಎಳೆಯುತ್ತದೆ. ಎಲ್‌ಎಫ್‌ಪಿಗೆ 3 ಆಂಪಿನಲ್ಲಿ 2.4 ದಕ್ಕುತ್ತದೆ, ಹೆಚ್ಚುಕಡಿಮೆ ಕೊನೆಯ ತನಕ ಅದೇ ವೇಗದಲ್ಲಿ ಕುಡಿಯುತ್ತದೆ. ಒಂದು ತಾಸಿಗೆ ಸುಮಾರು ಮೂರೂವರೆ ತಾಸು. ಪೂರ್ತಿ ತುಂಬಲು ಎರಡೂವರೆ ಮೂರು ತಾಸು ಸಾಕು. ದಿನಕ್ಕೆ ಎರಡು ಸಲ ಒಂದೊಂದು ತಾಸು ಕರೆಂಟು ಬಂದರೆ ಒಂದು ಕೆಲಸದ ದಿನ ಸಾಗಿಸಬಹುದು.

ಅರೆಹೊಟ್ಟೆಯಲ್ಲಿ ದಿನಗಟ್ಟಲೆ ಇರುವುದು ಸೀಲ್ಡ್ ಬ್ಯಾಟರಿಗೆ ವಿಷ. ತಗಡುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ತುಂಬಿಸಿದರೂ ಮೊದಲಿನ ಸಾಮರ್ಥ್ಯ ಬರುವುದಿಲ್ಲ. ಪೂರ್ತಿ ಹಿಂಡುತ್ತಿದ್ದರೆ ಇನ್ನೂರು ಚಿಲ್ಲರೆ ಸಲ, ಅಂದರೆ ಎರಡು ಮಳೆಗಾಲ. ಅರ್ಧಕ್ಕೇ ನಿಲ್ಲಿಸಿದರೆ ಹೆಚ್ಚು ಬಾಳುತ್ತದೆ, ಆದರೆ ಆಗ ಒಂಬತ್ತೂವರೆ ತಾಸು ಐದಕ್ಕೆ ಇಳಿಯುತ್ತದೆ. ಎಲ್‌ಎಫ್‌ಪಿಗೆ ಅರೆಹೊಟ್ಟೆಯೇ ಹಿತ, ಎರಡು ಸಾವಿರ ಸಲ ತುಂಬಿ ಬರಿದಾಗುವುದನ್ನು ತಾಳುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು ಎಂಬ ನಿಯಮ ಅದಕ್ಕಿದೆ, ನಮ್ಮ ಜಿಲ್ಲೆಗೆ ಆ ಚಿಂತೆ ಬೇಡ.

ಎಲ್‌ಎಫ್‌ಪಿಯಲ್ಲೂ ಕಾಟಗಳಿವೆ. 13.8 ಎಂದರೆ ಸೆಲ್ಲಿಗೆ 3.45 ವೋಲ್ಟ್. ಹೆಚ್ಚುಕಡಿಮೆ ಪೂರ್ತಿ ತುಂಬುತ್ತದೆ, ಸದಾ ಅಷ್ಟರಲ್ಲೇ ಇದ್ದರೂ ಸೆಲ್ಲಿಗೆ ಹೊರೆಯಲ್ಲ. ಆದರೆ ಅಗ್ಗದ ಬಿಎಂಎಸ್ ಸೆಲ್ಲುಗಳನ್ನು ಸಮ ಮಾಡಲು ಶುರುಮಾಡುವುದು 3.5 ದಾಟಿದ ಮೇಲೆ. ಹಾಗಾಗಿ ಆರು ತಿಂಗಳಿಗೊಮ್ಮೆ 14.6 ವೋಲ್ಟಿಗೆ ಏರಿಸಿ ಒಂದು ರಾತ್ರಿ ಬಿಟ್ಟು, ಮತ್ತೆ 13.8ಕ್ಕೆ ಇಳಿಸಬೇಕು. ಇದನ್ನು ಮರೆತರೆ ಒಂದು ಸೆಲ್ಲು ಹಿಂದೆ ಬೀಳುತ್ತದೆ, ಬಿಎಂಎಸ್ ಅದನ್ನು ನೋಡಿ ಇಡೀ ಪ್ಯಾಕನ್ನು ಬೇಗ ಕತ್ತರಿಸುತ್ತದೆ, ಬ್ಯಾಟರಿ ಹಾಳಾಯಿತೆಂದು ನಾವು ಎಸೆಯುತ್ತೇವೆ. ಕೊಳ್ಳುವಾಗ ನಾಲ್ಕೂ ಸೆಲ್ಲಿನ ವೋಲ್ಟೇಜ್ ಅಳೆಯಿರಿ, 3.2ರಿಂದ 3.3ರ ನಡುವೆ, ಒಂದಕ್ಕೊಂದು 0.02ಕ್ಕಿಂತ ವ್ಯತ್ಯಾಸವಿಲ್ಲದೆ ಇರಬೇಕು. ಒಂದು ಸೆಲ್ಲು 140 ಗ್ರಾಮಿನ ಆಸುಪಾಸು ತೂಗಬೇಕು.

ಮುಂಗಾರಿನ ಮುಂಚಿನ ಗುಡುಗಿನ ದಿನಗಳಲ್ಲಿ ಪ್ಲಗ್ ಕಿತ್ತಿಡುವುದು ಇಲ್ಲಿನ ಮನೆಗಳ ರೂಢಿ. 12 ವೋಲ್ಟಿನ ಬ್ಯಾಟರಿ ಇದ್ದರೆ ಚಾರ್ಜರಿನ ಪ್ಲಗ್ ಕಿತ್ತಿಟ್ಟೂ ಕೆಲಸ ನಡೆಯುತ್ತದೆ. ಮನೆಯ ವೈರಿಂಗಿನೊಳಗೇ ಸೇರಿಹೋದ ಇನ್ವರ್ಟರಿಗೆ ಈ ಅನುಕೂಲ ಇಲ್ಲ. ಫೈಬರ್ ಗಾಜಿನದ್ದೇ ಆದರೂ ಅದರ ಜೊತೆ ಬರುವ ಉಕ್ಕಿನ ಆಧಾರ ತಂತಿ ಗಾಜಲ್ಲ. ಅದನ್ನು ಗೋಡೆಯ ಹೊರಗಿನ ಕೊಕ್ಕೆಗೇ ಕಟ್ಟಿ ಕತ್ತರಿಸಿ, ಒಳಗೆ ತರಬೇಡಿ. ಮನೆಯಿಂದ ಕೊಟ್ಟಿಗೆಗೋ ಅಡಿಕೆ ಅಟ್ಟಕ್ಕೋ ಅಂಗಳದ ಮೇಲೆ ಲ್ಯಾನ್ ತಂತಿ ಎಳೆದಿದ್ದರೆ ಗುಡುಗಿನ ಹೊತ್ತಿಗೆ ಅದನ್ನೂ ಕಿತ್ತಿಡಬೇಕು.

ಇಷ್ಟನ್ನೂ ಕೂರಿಸುವ ಪೆಟ್ಟಿಗೆ ಬೆಚ್ಚಗಿರುತ್ತದೆ, ಬೆಚ್ಚಗಿದ್ದಲ್ಲಿಗೆ ಮಳೆಗಾಲದ ಇರುವೆ ಮೊಟ್ಟೆ ಹೊತ್ತು ಬರುತ್ತದೆ. ಗಾಳಿಯ ತೂತಿಗೆ ಸಣ್ಣ ಕಣ್ಣಿನ ಜಾಲರಿ ಅಂಟಿಸಿ. ಕರಾವಳಿಯಲ್ಲಿ ಇರುವೆಗಿಂತ ಉಪ್ಪುಗಾಳಿ ಕೆಟ್ಟದ್ದು, ಒಂದು ವರ್ಷದಲ್ಲಿ ಜಾಕಿನ ಮೇಲೆ ಹಸಿರು ಹಿಡಿಯುತ್ತದೆ. ಜಾಕಿನ ಅಳತೆಯಲ್ಲೂ ಎಚ್ಚರ: ಹೊರಗಿನ 5.5 ಮಿಲಿಮೀಟರ್ ಒಂದೇ ಇದ್ದರೂ ಒಳಗಿನದು 2.1, 2.5 ಎಂದು ಎರಡು ಬಗೆ. 2.5ರ ಜಾಕು 2.1ರ ಕಡ್ಡಿಗೆ ಸಲೀಸಾಗಿ ಹೋಗಿ ಸಡಿಲ ಕೂರುತ್ತದೆ, ಬೆಕ್ಕು ಹಾದುಹೋದರೂ ರೌಟರ್ ರೀಸ್ಟಾರ್ಟ್. ಮೊದಲ ಸಲ ಸಿಕ್ಕಿಸುವ ಮುನ್ನ ಮೀಟರಿನ ಕೆಂಪು ಕಡ್ಡಿಯನ್ನು ಜಾಕಿನ ಒಳತೂತಿಗೆ, ಕಪ್ಪನ್ನು ಹೊರಮೈಗೆ ಹಿಡಿಯಿರಿ. 12.0 ಎಂದು ತೋರಿಸಬೇಕು, ಮುಂದೆ ಮೈನಸ್ ಚಿಹ್ನೆ ಇರಬಾರದು.