ಮ್ಯಾಂಗೊ ವೀಟ್ ಬಿಯರ್ ಆರ್ಡರ್ ಮಾಡುವ ಮುಂಚೆ ಇದನ್ನು ಓದಿ

ಬೆಂಗಳೂರಿನ ಮೈಕ್ರೋಬ್ರೂವರಿಗಳಿಗೆ, ಅಂದರೆ ಬಿಯರನ್ನು ಅಲ್ಲೇ ಮಾಡಿ ಕೊಡುವ ಪಬ್‌ಗಳಿಗೆ, ಹೋಗುವವರೆಲ್ಲ ದಯವಿಟ್ಟು ಗಮನಿಸಿ. ಬೋರ್ಡ್ ಮೇಲೆ ಮ್ಯಾಂಗೊ ವೀಟ್ ಬಿಯರ್ ಅಂತ ಕಂಡ ಕೂಡಲೇ ದೊಡ್ಡ ಗ್ಲಾಸ್ ಹೇಳಬೇಡಿ. ಮೊದಲು ಒಂದು ಗುಟುಕು ಸ್ಯಾಂಪಲ್ ಕೇಳಿ. ಬಹಳಷ್ಟು ಕಡೆ ಕೇಳಿದರೆ ಪುಕ್ಕಟೆ ಕೊಡುತ್ತಾರೆ.

ನಾನು ಹೋದ ಕಡೆ ಸ್ಯಾಂಪಲ್ ಇಲ್ಲ ಅಂದರು, ಗ್ಲಾಸೇ ಬಂತು. ಬಣ್ಣ ಚೆನ್ನಾಗಿತ್ತು. ಆದರೆ ನೊರೆ ನೋಡನೋಡುತ್ತಿದ್ದಂತೆ ಇಳಿದು ಅಂಚಿನಲ್ಲಿ ಒಂದು ತೆಳು ಗೆರೆ ಮಾತ್ರ ಉಳಿಯಿತು. ಗೋಧಿಯಲ್ಲಿ ಪ್ರೋಟೀನ್ ಜಾಸ್ತಿ, ಹಾಗಾಗಿ ವೀಟ್ ಬಿಯರ್ ನೊರೆ ದಪ್ಪಗೆ ನಿಲ್ಲಬೇಕು. ಅಲ್ಲೇ ಅನುಮಾನ ಬಂತು. ಮೂಗಿನ ಹತ್ತಿರ ತಂದರೆ ಹಣ್ಣಿನ ವಾಸನೆಯೇ ಅಲ್ಲ, ಚಿಕ್ಕಂದಿನಲ್ಲಿ ಅಂಗಡಿಯಲ್ಲಿ ಸಿಗುತ್ತಿದ್ದ ಮಾವಿನ ಪೆಪ್ಪರ್‌ಮಿಂಟಿನ ವಾಸನೆ. ಬಾಯಿಗಿಟ್ಟರೆ ಮೊದಲು ಸಿಹಿ, ಹಿಂದೆಯೇ ವಿನೆಗರ್ ಥರ ಗಂಟಲು ಹಿಡಿಯುವ ಹುಳಿ, ಕೊನೆಯಲ್ಲಿ ನಾಲಿಗೆ ಮೇಲೆ ಹಳೇ ಬೆಣ್ಣೆಯ ಜಿಡ್ಡು. ಗ್ಲಾಸ್ ಹಿಡಿದ ಬೆರಳು ಅಂಟಂಟು.

ವೇಟರ್‌ಗೆ ಹೇಳಿದೆ. "ಸರ್, ಫ್ರೂಟ್ ಬಿಯರ್ ಅಂದ್ರೆ ಹುಳಿ ಇರುತ್ತೆ" ಅಂದ. ಮ್ಯಾನೇಜರ್ ಬಂದು ಅದನ್ನೇ ಇನ್ನಷ್ಟು ವಿನಯದಿಂದ ಹೇಳಿದರು.

ಈ ಮಾತು ನಂಬಬೇಡಿ. ಬೇಕಂತಲೇ ಹುಳಿ ಮಾಡುವ ವೀಟ್ ಬಿಯರ್ ಇದೆ, ನಿಜ. ಬರ್ಲಿನ್ನಿನ ಬರ್ಲೀನರ್ ವೈಸ್ಸೆ ಅಂಥದ್ದು, ಅದಕ್ಕೆ ರಾಸ್ಪ್‌ಬೆರಿ ಸಿರಪ್ ಹಾಕಿಕೊಂಡು ಕುಡಿಯುತ್ತಾರೆ. ಆದರೆ ಆ ಹುಳಿ ಲ್ಯಾಕ್ಟಿಕ್ ಆಸಿಡ್‌ದು, ಮಜ್ಜಿಗೆಯಲ್ಲಿರುವುದೂ ಅದೇ. ವಿನೆಗರ್ ಹುಳಿ ಬೇರೆ, ಅದು ಬಿಯರ್‌ಗೆ ಗಾಳಿ ಸೋಕಿ ಬ್ಯಾಕ್ಟೀರಿಯಾ ಸೇರಿದಾಗ ಬರುವಂಥದ್ದು. ಬೆಣ್ಣೆ ವಾಸನೆ ಡೈಅಸಿಟೈಲ್ ಅನ್ನುವ ರಾಸಾಯನಿಕದ್ದು. ಯೀಸ್ಟ್ ಕೆಲಸ ಮುಗಿಸುವ ಮುಂಚೆಯೇ ಆತುರಪಟ್ಟು ಬಿಯರ್ ಇಳಿಸಿದರೆ ಅದು ಉಳಿದುಬಿಡುತ್ತದೆ, ನಲ್ಲಿಗೆ ಹೋಗುವ ಪೈಪ್ ತೊಳೆಯದಿದ್ದರೂ ಬರುತ್ತದೆ. ಆ ಪೈಪ್‌ಗಳನ್ನು ಎರಡು ವಾರಕ್ಕೊಮ್ಮೆಯಾದರೂ ತೊಳೆಯಬೇಕು ಅನ್ನುವುದು ಈ ಕಸುಬಿನವರೇ ಒಪ್ಪುವ ಮಾತು.

ಸಿಹಿಯ ವಿಷಯವೂ ಅಷ್ಟೇ. ನಿಜವಾದ ಬಾದಾಮಿ ಮಾವನ್ನೋ ರಸಪೂರಿಯನ್ನೋ ಹಿಂಡಿ ಹುದುಗುವಾಗಲೇ ಹಾಕಿದ್ದರೆ ಅದರ ಸಕ್ಕರೆಯ ಬಹುಪಾಲನ್ನು ಯೀಸ್ಟ್ ತಿಂದುಬಿಡುತ್ತದೆ. ಉಳಿಯುವುದು ಹಣ್ಣಿನ ಘಮ ಮತ್ತು ಸಣ್ಣ ಒಗರು, ಪಾನಕದ ಸಿಹಿ ಅಲ್ಲ. ಅಷ್ಟು ಸಿಹಿ ಇದೆ ಅಂದರೆ ಕೊನೆಯಲ್ಲಿ ಸಿರಪ್ ಸುರಿದಿರುವ ಸಾಧ್ಯತೆಯೇ ಜಾಸ್ತಿ. ಸಿರಪ್ ಹಾಕುವುದು ತಪ್ಪಲ್ಲ, ಹಾಕಿದ್ದೀವಿ ಅಂತ ಹೇಳಬೇಕು ಅಲ್ವಾ? ನನ್ನ ಸಂಕಟ ಇರುವುದು ಇಲ್ಲೇ. ವೀಟ್ ಬಿಯರ್ ಮೊದಲೇ ಮೋಡ ಕವಿದಂತೆ ಮಸುಕಾಗಿರುತ್ತದೆ, ಅದರ ಮೇಲೆ ಎಸೆನ್ಸ್ ಬಿದ್ದರೆ ಕೆಟ್ಟ ಬಿಯರನ್ನು ಕಣ್ಣಾಗಲೀ ಮೂಗಾಗಲೀ ಹಿಡಿಯುವುದು ಕಷ್ಟ, ಮೊದಲ ಸಲ ಕುಡಿಯುವವರಂತೂ ಇದು ಹೀಗೇ ಇರುತ್ತೆ ಅಂದುಕೊಂಡು ಸುಮ್ನೆ ಮುಗಿಸಿ ಎದ್ದು ಹೋಗುತ್ತಾರೆ. ಈ ಊರಲ್ಲಿ ಶ್ರದ್ಧೆಯಿಂದ ಬಿಯರ್ ಮಾಡುವವರು ಎಷ್ಟೋ ಜನ ಇದ್ದಾರೆ. ಅವರ ಹೆಸರೂ ಇದರಿಂದ ಕೆಡುತ್ತದೆ.

ಹೋದಾಗ ಎರಡು ಪ್ರಶ್ನೆ ಕೇಳಿ. ಹಣ್ಣು ಹಾಕಿದ್ದೀರಾ, ಪಲ್ಪಾ, ಸಿರಪ್ಪಾ? ಈ ಬ್ಯಾಚ್ ಯಾವಾಗ ಇಳಿಸಿದ್ದು? ಗೊತ್ತಿರುವವರು ಖುಷಿಯಿಂದ ಹೇಳುತ್ತಾರೆ, ಬ್ರೂವರ್ ಇದ್ದರೆ ಕರೆದು ತೋರಿಸುತ್ತಾರೆ. ಅನುಮಾನ ಬಂದರೆ ಹಣ್ಣಿಲ್ಲದ ಸಾದಾ ವೀಟ್ ಬಿಯರ್ ಸ್ಯಾಂಪಲ್ ಕೇಳಿ. ಅದು ಹೆಫೆವೈಜೆನ್ ಅನ್ನುವ ಜರ್ಮನ್ ಶೈಲಿಯ ವೀಟ್ ಬಿಯರ್ ಆದರೆ ಯೀಸ್ಟಿನಿಂದಲೇ ಬಾಳೆಹಣ್ಣು, ಲವಂಗದ ಘಮ ಬರಬೇಕು. ಅದೂ ಹುಳಿಯಾಗಿದ್ದರೆ ಅವತ್ತು ಅಲ್ಲಿ ಬಿಯರ್ ಬೇಡ. ಬಿಲ್ಲಿನಲ್ಲಿ ಆ ಗ್ಲಾಸ್ ತೆಗೆಸಲು ನಾನು ಅರ್ಧ ಗಂಟೆ ವಾದ ಮಾಡಬೇಕಾಯಿತು, ಕೊನೆಗೆ ಅರ್ಧ ದುಡ್ಡು ಮಾತ್ರ ಬಿಟ್ಟರು. ಹಾಗಾಗಿ ರುಚಿ ಸರಿಯಿಲ್ಲ ಅನ್ನಿಸಿದರೆ ಮೊದಲ ಗುಟುಕಿನಲ್ಲೇ ಹೇಳಿ, ಅರ್ಧ ಕುಡಿದ ಮೇಲೆ ಯಾರೂ ಕೇಳುವುದಿಲ್ಲ.